ತಬಿತಾ ಟೀಚರ ಕೆಂಪು ನೂಲು

ಅರಾದ್

ಬಹ್ರೈನಿನ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸ್ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂತು. ಸಿಗಡಿ ಉಪ್ಪಿನಕಾಯಿ! ಬೆಲ್ಟಿನ ಪಕ್ಕ ನಿಂತಿದ್ದ ಕೇರಳದ ಅಂಕಲ್ ಒಬ್ಬರು ಕಣ್ಣು ಮುಚ್ಚಿ, ಮೂಗನ್ನು ಗಾಳಿಗೆ ಒಡ್ಡಿ, "ಚೆಮ್ಮೀನ್ ಅಚ್ಚಾರ್" ಎಂದು ದೇವರ ಹೆಸರು ಹೇಳುವ ಹಾಗೆ ಹೇಳಿದರು. ಅವರ ಹಿಂದಿದ್ದ ಬಿಳಿ ನಿಲುವಂಗಿಯ ಹಿರಿಯರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ಕೆಂಪು ಎಣ್ಣೆ ಒಸರುತ್ತ ಬಂದ ಪೆಟ್ಟಿಗೆ ನನ್ನದಲ್ಲ ಎನ್ನುವ ಮುಖ ಮಾಡಿ ಒಂದು ಸುತ್ತು ಹೋಗಲು ಬಿಟ್ಟೆ. ಎರಡನೇ ಸುತ್ತಿಗೆ ಎತ್ತಿಕೊಳ್ಳಲೇಬೇಕಾಯಿತು.

ಬಾಟಲಿ ಕಳಿಸಿದ್ದು ನನ್ನ ಅಜ್ಜಿ. "ಗ್ರೇಸಿಗೆ ಕೊಡು. ಭಾಷಣ ಎಲ್ಲ ಬೇಡ. ಕೊಡು, ಸುಮ್ಮನೆ ಕೂತ್ಕೋ" ಎಂದು ಎರಡು ಸಲ ಹೇಳಿದ್ದಳು. ಎರಡನೆಯ ಸಲ ಹೇಳಿದ್ದು ನನ್ನ ಗುಣ ಗೊತ್ತಿದ್ದರಿಂದ.

ಗ್ರೇಸಿ ಆಂಟಿಗೋಸ್ಕರವೇ ನಾನು ಜೀವನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದು. ಅವರ ಹತ್ತಿರ ಕ್ಷಮೆ ಕೇಳಲಿಕ್ಕೆ. ಏನು ಮಾಡಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈದುಕೊಂಡೇ ಓದಬಹುದು.

ನಾನು ಉಡುಪಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಹಳೆಯ ಮೋಡಿ ಬರಹದ ಕಾಗದಗಳನ್ನು ಜನ ತಂದು ಕೊಡುತ್ತಾರೆ, ಟೈಪ್ ಮಾಡಿ ಮಾಡಿ ಹಳೆಯ ಕೈಬರಹ ಓದುವುದು ತಾನಾಗಿ ಬಂತು. ಯಾರೂ ಕಲಿಸಿದ್ದಲ್ಲ. ಬಂದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನಮ್ಮದು ಮಿಶನ್ ಕಾಲದಿಂದ ಬಂದ ಕ್ರೈಸ್ತ ಕುಟುಂಬ. ನಮ್ಮ ವಂಶದ ಮೂಲ ತಬಿತಾ ಟೀಚರ್ ಎಂದು ಮನೆಯಲ್ಲಿ ಹೇಳುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಹೆಣ್ಣುಮಕ್ಕಳು ಓದಿದರೆ ಕೆಡುತ್ತಾರೆ ಎನ್ನುತ್ತಿದ್ದಾಗ, ಮಿಶನ್ನಿನ ಹುಡುಗಿಯರ ಶಾಲೆಯಲ್ಲಿ ಅಕ್ಷರ ಮತ್ತು ಹೊಲಿಗೆ ಕಲಿಸಿದವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಸುಸನ್ನ, ನನ್ನ ಅಜ್ಜಿಯ ಅಜ್ಜಿ. ಕಿರಿಯಳು ಲಿಡಿಯಾ, ಗ್ರೇಸಿ ಆಂಟಿಯ ಅಜ್ಜಿ. ನನ್ನ ಅಜ್ಜಿಯೂ ಟೀಚರಾಗಿ ನಿವೃತ್ತಳಾದವಳು. ಮನೆಯ ಯಾವ ಮಗು ಒಳ್ಳೆಯ ಮಾರ್ಕು ತೆಗೆದರೂ, "ಮತ್ತೆಂತ? ತಬಿತಾ ಟೀಚರ ರಕ್ತ ಅಲ್ವಾ" ಎನ್ನುತ್ತಾಳೆ. ನನಗೆ ಮಾರ್ಕು ಕಡಿಮೆ ಬಂದಾಗ ಮಾತ್ರ ರಕ್ತದ ವಿಷಯ ಬರುತ್ತಿರಲಿಲ್ಲ.

ಚರ್ಚಿನ ಹಳೆಯ ರಿಜಿಸ್ಟರುಗಳನ್ನು ಎಂಟು ಶನಿವಾರ ಕೂತು ಮೊಬೈಲಿನಲ್ಲಿ ಫೋಟೋ ತೆಗೆದೆ. ಸುಸನ್ನಳ ಮದುವೆಯ ಸಾಲಿನಲ್ಲಿ "ತಾಯಿ: ತಬಿತಾ, ಉಪಾಧ್ಯಾಯಿನಿ" ಎಂದಿತ್ತು. ಲಿಡಿಯಾಳ ಸಾಲಿನಲ್ಲಿ "ತಬಿತಾ ಉಪಾಧ್ಯಾಯಿನಿಯು ಸಾಕಿದ ಹುಡುಗಿ" ಎಂದಿತ್ತು. ಯಾರಿಗೂ ಗೊತ್ತಿರದ್ದನ್ನು ಕಂಡುಹಿಡಿದೆನಲ್ಲ! ವಂಶವೃಕ್ಷದ ಚಾರ್ಟ್ ಮಾಡಿ, ಸುಸನ್ನಳಿಗೆ ಗಟ್ಟಿ ಗೆರೆ ಎಳೆದು, ಲಿಡಿಯಾಳಿಗೆ ಚುಕ್ಕಿ ಚುಕ್ಕಿ ಗೆರೆ ಹಾಕಿ, ಕೆಳಗೆ "ಸಾಕುಮಗಳು, ರಕ್ತಸಂಬಂಧ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು, ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಚಪ್ಪಾಳೆಗೆ ಕಾದು ಕೂತೆ.

ಗ್ರೇಸಿ ಆಂಟಿ ಬಹ್ರೈನಿನಲ್ಲಿ ನರ್ಸ್. ನಲವತ್ತು ವರ್ಷವಾಯಿತು. ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಗುಡ್ ಮಾರ್ನಿಂಗ್ ಹಾಕುತ್ತಿದ್ದವರು ಅವರೊಬ್ಬರೇ. ಚಾರ್ಟ್ ಹಾಕಿದ ದಿನ ಅವರು ಒಂದಕ್ಷರವನ್ನೂ ಬರೆಯದೆ ಗ್ರೂಪು ಬಿಟ್ಟರು. ಫೋನ್ ಮಾಡಿದರೆ ಎತ್ತಲಿಲ್ಲ. ಮೂರನೇ ವಾರ ಅಜ್ಜಿ ಕೇಳಿದಳು: "ಗ್ರೇಸಿಯ ಹೂವು ಬರ್ತಾ ಇಲ್ಲ ಅಲ್ವಾ?" ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬೆಳಿಗ್ಗೆ ಫೋನನ್ನು ಮುಖದ ಹತ್ತಿರ ಹಿಡಿದು ಆ ಬಣ್ಣ ನೋಡುವುದು ಅವಳ ಅಭ್ಯಾಸ. ನಾನು ನಡೆದದ್ದು ಹೇಳಿದೆ. ಅಜ್ಜಿ ಬಯ್ಯಲಿಲ್ಲ. "ಇಂಥದ್ದನ್ನು ಫೋನಿನಲ್ಲಿ ಸರಿ ಮಾಡ್ಲಿಕ್ಕೆ ಆಗೋದಿಲ್ಲ. ಮುಖ ನೋಡಿ ಹೇಳ್ಬೇಕು" ಎಂದಳು.

ಹಾಗಾಗಿ ಬಹ್ರೈನ್.

ನನ್ನನ್ನು ಕರೆದೊಯ್ಯಲು ಬಂದದ್ದು ಪ್ರಕಾಶಣ್ಣ. ನಮ್ಮ ಓಣಿಯವರೇ, ಇಲ್ಲಿ ಎಸಿ ರಿಪೇರಿ ಕೆಲಸ. ಹೆಂಡತಿ ಶಾಂತಿ ಅಕ್ಕನ ಜೊತೆ ಅರಾದಿನಲ್ಲಿದ್ದಾರೆ, ಏರ್‌ಪೋರ್ಟಿನಿಂದ ಕೂಗಿದರೆ ಕೇಳುವಷ್ಟು ದೂರ. ಪೆಟ್ಟಿಗೆ ಎತ್ತಿ ಡಿಕ್ಕಿಗೆ ಹಾಕುವಾಗ ಮುಖ ಹಿಂಡಿದರು.

"ಎಂತ ಮಾರಾಯ್ತಿ, ಇದು ಬ್ಯಾಗಾ ಭರಣಿಯಾ?"

"ಅಜ್ಜಿ ಕಳಿಸಿದ್ದು ಅಣ್ಣಾ. ಗ್ರೇಸಿ ಆಂಟಿಗೆ."

"ಅವರಿಗೆ ಬಾಟ್ಲಿ ಕೊಡ್ತೀಯಾ, ಇಲ್ಲ ನಿನ್ನ ಚೂಡಿದಾರ ಹಿಂಡಿ ಕೊಡ್ತೀಯಾ?"

ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಉಳಿದರ್ಧ ನನ್ನ ಐದು ಜೊತೆ ಬಟ್ಟೆಯಲ್ಲಿ.

ಅರಾದಿನಲ್ಲೇ, ಕೆಳಗಿನ ಲಾಂಡ್ರಿ

ಸೆಪ್ಟೆಂಬರಿನ ಬಹ್ರೈನಿನಲ್ಲಿ ಕನ್ನಡಕ ಹಾಕುವವರು ಬಾಗಿಲು ತೆರೆದು ಹೊರಗೆ ಬಂದ ಕೂಡಲೇ ಕುರುಡರಾಗುತ್ತಾರೆ. ಒಳಗೆ ಎಸಿಯ ಚಳಿ, ಹೊರಗೆ ಹಬೆ. ಗಾಜಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ನಾನು ಮೊದಲ ದಿನ ಬೆಳಿಗ್ಗೆ ಹೀಗೆ ಕುರುಡಿಯಾಗಿ ಮೆಟ್ಟಿಲಿಳಿದು ಲಾಂಡ್ರಿ ಎಂದುಕೊಂಡು ಪಕ್ಕದ ಬ್ರೆಡ್ಡಿನಂಗಡಿಗೆ ನುಗ್ಗಿ, ಉಪ್ಪಿನಕಾಯಿಯ ಬಟ್ಟೆಯ ಗಂಟನ್ನು ರೊಟ್ಟಿ ಇಡುವ ಮೇಜಿನ ಮೇಲೆ ಇಟ್ಟೆ. ಒಲೆಯ ಮುಂದಿದ್ದ ಮನುಷ್ಯ ಗಂಟನ್ನು ನೋಡಿದ, ನನ್ನನ್ನು ನೋಡಿದ, ನಗಲಿಲ್ಲ. ಉದ್ದದ ರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, ಇನ್ನೊಂದು ಕೈಯಿಂದ ಪಕ್ಕದ ಬಾಗಿಲು ತೋರಿಸಿದ. ಹೊಸಬರಿಗೆ ಹೀಗೆ ಒಂದು ಕೊಡುವುದು ಅವನ ರೂಢಿ ಎಂದು ಆಮೇಲೆ ಶಾಂತಿ ಅಕ್ಕ ಹೇಳಿದರು. ಬಿಸಿ ಬಿಸಿ, ಪೇಪರಿನಷ್ಟೇ ಅಗಲ. ನಡೆಯುತ್ತಲೇ ಅರ್ಧ ತಿಂದೆ.

ಲಾಂಡ್ರಿಯವರು ಬಾಂಗ್ಲಾದ ಹಿರಿಯರು. ಹಿಂದಿಯಲ್ಲಿ ಮಾತು. ಬಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ಒಳಮೂಲೆಯಲ್ಲಿ ಕಪ್ಪು ಪೆನ್ನಿನಿಂದ ನಂಬರ್ ಬರೆಯುತ್ತ ಹೋದರು. ನನ್ನದು ಮೂವತ್ತೊಂದು. ದುಪಟ್ಟದ ಮೂಲೆಗೆ ಬಂದಾಗ ಪೆನ್ನು ನಿಂತಿತು.

"ಬೇಟಿ, ಈ ಕೆಂಪು ದಾರ ಯಾವ ಲಾಂಡ್ರಿಯದ್ದು? ಕಿತ್ತು ಹಾಕಲಾ?"

ಅದು ಯಾವ ಲಾಂಡ್ರಿಯದ್ದೂ ಅಲ್ಲ, ಅಜ್ಜಿಯದ್ದು. ಮನೆಗೆ ಯಾವ ಹೊಸ ಬಟ್ಟೆ ಬಂದರೂ ಅಜ್ಜಿ ಅದರ ಒಳಮೂಲೆಗೆ ಕೆಂಪು ನೂಲಿನಲ್ಲಿ ಎರಡು ಓರೆ ಹೊಲಿಗೆ ಹಾಕಿ, ನಡುವೆ ಒಂದು ಪುಟ್ಟ ಗಂಟು ಹಾಕುತ್ತಾಳೆ. ಅಕ್ಕಿ ಕಾಳಿನಷ್ಟು ಗುರುತು. ಯಾಕೆ ಎಂದರೆ "ಅಜ್ಜಿ ಹಾಕ್ತಿದ್ದಳು, ಅಮ್ಮ ಹಾಕ್ತಿದ್ದಳು, ನಾನು ಹಾಕ್ತೇನೆ" ಎನ್ನುವುದಷ್ಟೇ ಉತ್ತರ. ಶಾಲೆಯಲ್ಲಿ ಇದಕ್ಕೆ ನನ್ನನ್ನು ತಮಾಷೆ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ಬ್ಲೇಡಿನಿಂದ ಎಲ್ಲವನ್ನೂ ಕಿತ್ತೆ. ಅಜ್ಜಿ ಎಲ್ಲವನ್ನೂ ಮತ್ತೆ ಹಾಕಿದಳು.

"ಬೇಡ ಚಾಚಾ, ಇರಲಿ" ಎಂದೆ. ಅವರು ಅದರ ಪಕ್ಕದಲ್ಲೇ ಮೂವತ್ತೊಂದು ಎಂದು ಬರೆದರು.

ಸಂಜೆ ಪ್ರಕಾಶಣ್ಣ ನನ್ನನ್ನು ಅರಾದಿನ ಹಳೆಯ ಕೋಟೆಯ ಪಕ್ಕ ನೀರಿನ ಅಂಚಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಚಾದಂಗಡಿಯ ಮುಂದೆ ಕಾರು ನಿಲ್ಲಿಸಿ ಪಾಂ ಎಂದು ಹಾರ್ನ್ ಹೊಡೆದರು. ನಾನು ಗಾಬರಿಯಾದೆ. ನಮ್ಮೂರಲ್ಲಿ ಹೋಟೆಲಿನ ಎದುರು ಹೀಗೆ ಹಾರ್ನ್ ಹೊಡೆದರೆ ಗಲ್ಲೆಯಲ್ಲಿ ಕೂತವರು ಎದ್ದು ಬಂದು ವಿಚಾರಿಸುತ್ತಾರೆ. ಇಲ್ಲಿ ಒಳಗಿನಿಂದ ಒಬ್ಬ ಓಡಿ ಬಂದು ಏಲಕ್ಕಿ ಹಾಕಿದ ಗಟ್ಟಿ ಚಾ ಕಿಟಕಿಯಲ್ಲಿ ಕೊಟ್ಟು ಹೋದ. ಹತ್ತು ಕಾರು, ಹತ್ತು ಹಾರ್ನ್, ಯಾರಿಗೂ ಸಿಟ್ಟಿಲ್ಲ.

ಚಾ ಕುಡಿಯುತ್ತ ನಾನು ಚಾರ್ಟಿನ ಹೊಸ ಪ್ರಿಂಟನ್ನು ತೋರಿಸಿದೆ. ಲಿಡಿಯಾಳ ಚುಕ್ಕಿ ಗೆರೆಯನ್ನು ಅಳಿಸಿ ಗಟ್ಟಿ ಮಾಡಿದ್ದೆ. ಅದನ್ನು ತೋರಿಸಿ ಕ್ಷಮೆ ಕೇಳುವುದೆಂದು ನನ್ನ ಲೆಕ್ಕಾಚಾರ.

ಪ್ರಕಾಶಣ್ಣ ತಲೆಯ ಮೇಲೆ ಹೋಗುತ್ತಿದ್ದ ವಿಮಾನದ ಸದ್ದು ಮುಗಿಯುವ ತನಕ ಕಾದರು. "ಕಾಗದ ಎಲ್ಲ ತಗೊಂಡು ಹೋಗ್ಬೇಡ. ಖಲ್ಲಿ ವಲ್ಲಿ ಅಂತ ಬಿಡು" ಎಂದರು. ಬಿಟ್ಟು ಬಿಡು, ಹೋಗಲಿ ಎನ್ನುವುದಕ್ಕೆ ಇಲ್ಲಿ ಎಲ್ಲರೂ ಹೇಳುವ ಮಾತು ಅದು.

ಅಜ್ಜಿಯೂ ಅದನ್ನೇ ಹೇಳಿದ್ದಳು. ನಾನು ಕಾಗದ ತೆಗೆದುಕೊಂಡೇ ಹೋದೆ.

ಸೀಫ್

ಗ್ರೇಸಿ ಆಂಟಿಯ ಮನೆ ರಿಫಾದಲ್ಲಿ. ಆದರೆ ಮನೆಗೆ ಕರೆಯಲಿಲ್ಲ. ಶಾಂತಿ ಅಕ್ಕ ಫೋನ್ ಮಾಡಿದ್ದಕ್ಕೆ, "ಡ್ಯೂಟಿ ಮುಗಿಸಿ ಸೀಫಿನ ಮಾಲಿಗೆ ಬರ್ತೇನೆ. ಅರ್ಧ ಗಂಟೆ" ಎಂದಿದ್ದರು.

ನಾನು ಒಂದು ಗಂಟೆ ಮೊದಲೇ ಹೋಗಿ ಕೂತೆ. ಆಂಟಿಯನ್ನು ಕೊನೆಯ ಸಲ ನೋಡಿದ್ದು ಯಾರದೋ ಮದುವೆಯಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದೆ. ಅವರು ಊರಿಗೆ ಬಂದರೆ ನನ್ನ ಗಲ್ಲ ಹಿಂಡಿ "ಏ ಪೋಕ್ರಿ" ಎನ್ನುತ್ತಿದ್ದರು. ಈಗ ಬಿಳಿ ಶೂ, ಕುತ್ತಿಗೆಯಲ್ಲಿ ಕ್ಲಿನಿಕ್ಕಿನ ಗುರುತಿನ ಚೀಟಿ, ಕೂದಲು ಪೂರ್ತಿ ಬಿಳಿ. ಎದುರು ಕೂತರು. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡರು, ಕೆಳಗಿಡಲಿಲ್ಲ.

"ಪ್ರಯಾಣ ಎಲ್ಲ ಸುಖವಾಯ್ತಾ? ನೀವು ಎಷ್ಟು ದಿನ ಇರ್ತೀರಿ?"

ನೀವು! ನನ್ನನ್ನು! ಗಲ್ಲ ಹಿಂಡುತ್ತಿದ್ದ ಆಂಟಿ! ನಮ್ಮ ಕಡೆ ಸಣ್ಣವರನ್ನು ನೀವು ಎಂದರೆ ಬಾಗಿಲು ಹಾಕಿದ ಹಾಗೆಯೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಗಾಬರಿಯಾಯಿತು. ಗಾಬರಿಯಾದಾಗ ನಾನು ಹೆಚ್ಚು ಮಾತಾಡುತ್ತೇನೆ. ಉಪ್ಪಿನಕಾಯಿ ಬಾಟಲಿ ಕೊಡುವುದನ್ನು ಮರೆತು ಚಾರ್ಟ್ ಬಿಡಿಸಿ ಕಾಫಿ ಕಪ್ಪುಗಳ ನಡುವೆ ಹರಡಿದೆ.

"ಆಂಟಿ, ನೋಡಿ, ಚುಕ್ಕಿ ಗೆರೆ ತೆಗೆದಿದ್ದೇನೆ. ರಿಜಿಸ್ಟರಿನಲ್ಲಿ ಹಾಗೆ ಬರೆದಿತ್ತು ಅಂತ ಹಾಕಿದ್ದು, ಅಂದ್ರೆ ದಾಖಲೆ ಪ್ರಕಾರ ಅದು ಸರಿಯೇ, ಆದ್ರೂ ನಾನು..."

ಹೇಳುತ್ತಿರುವಾಗಲೇ ಗೊತ್ತಾಯಿತು, ಹೇಳಬಾರದ್ದನ್ನು ಹೇಳುತ್ತಿದ್ದೇನೆ ಎಂದು. ಆದರೆ ನನ್ನ ಬಾಯಿಗೆ ಬ್ರೇಕ್ ಇಲ್ಲ.

ಆಂಟಿ ಚಾರ್ಟನ್ನು ಬಹಳ ಹೊತ್ತು ನೋಡಿದರು. ತಬಿತಾ ಟೀಚರ ಹೆಸರಿನ ಪಕ್ಕ ಗಂಡನ ಜಾಗದಲ್ಲಿ ನಾನು ಹಾಕಿದ್ದ ದೊಡ್ಡ ಪ್ರಶ್ನೆಯ ಗುರುತಿನ ಮೇಲೆ ಬೆರಳಿಟ್ಟರು.

"ಇದೆಂತ?"

"ಅವರ ಗಂಡನ ಹೆಸರು ಸಿಗ್ಲಿಲ್ಲ ಆಂಟಿ. ಮೂರು ತಿಂಗಳು ಹುಡುಕಿದೆ."

ಅವರ ತುಟಿಯ ತುದಿ ಒಂದು ಸಲ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. ಬೆರಳು ಲಿಡಿಯಾಳ ಗೆರೆಗೆ ಹೋಯಿತು. "ನೀವು ಗೆರೆ ಎಳೆದ್ರೆ ಸಂಬಂಧ ಬರ್ತದಾ? ತೆಗೆದ್ರೆ ಹೋಗ್ತದಾ?" ಎಂದು ಮೆತ್ತಗೆ ಕೇಳಿದರು. "ನನ್ನ ಅಮ್ಮ ಇದ್ದಿದ್ರೆ ಆ ದಪ್ಪಕ್ಷರ ಓದ್ತಿದ್ರು. ಅವರು ಈಗ ಇಲ್ಲ ಅಂತ ಮೊದಲ ಸಲ ಸಮಾಧಾನ ಆಯ್ತು ನನಗೆ."

ನಾನು ಚಾರ್ಟನ್ನು ಮಡಚತೊಡಗಿದೆ. ಆ ಪ್ರಶ್ನೆಗೆ ಉತ್ತರ ಎಂಟು ಶನಿವಾರದ ಫೋಟೋಗಳಲ್ಲಿ ಒಂದರಲ್ಲೂ ಇರಲಿಲ್ಲ.

ಅವರು ಎದ್ದರು. ನಾನೂ ಗಡಿಬಿಡಿಯಲ್ಲಿ ಎದ್ದೆ, ಕುರ್ಚಿಯ ಕಾಲಿಗೆ ದುಪಟ್ಟ ಸಿಕ್ಕಿ ಜಾರಿ ಕೆಳಗೆ ಬಿತ್ತು. ನರ್ಸುಗಳ ಅಭ್ಯಾಸ ಇರಬೇಕು, ನನಗಿಂತ ಮೊದಲು ಅವರು ಬಗ್ಗಿ ಎತ್ತಿದರು. ಮಡಚಿ ಕೊಡಲು ಮೂಲೆಗೆ ಮೂಲೆ ಸೇರಿಸಿದರು. ಹಾಗೇ ನಿಂತುಬಿಟ್ಟರು.

ಹೆಬ್ಬೆರಳು ಆ ಕೆಂಪು ಗುರುತಿನ ಮೇಲಿತ್ತು. ಪಕ್ಕದಲ್ಲಿ ಲಾಂಡ್ರಿಯವರ ಮೂವತ್ತೊಂದು.

"ಇದು ಯಾರು ಹಾಕಿದ್ದು?"

"ನಂಬರ್ ಲಾಂಡ್ರಿಯವರು. ಕೆಂಪು ಗುರುತು ಅಜ್ಜಿ."

"ಸುಶೀಲಕ್ಕ ಈಗಲೂ ಹಾಕ್ತಾಳಾ? ಅವಳಿಗೆ ಕಣ್ಣು ಕಾಣೋದಿಲ್ಲ ಅಂದ್ರು."

"ನಾನು ಸೂಜಿಗೆ ನೂಲು ಪೋಣಿಸಿ ಕೊಡ್ತೇನೆ. ಮತ್ತೆ ಬೆರಳಲ್ಲಿ ಮುಟ್ಟಿ ಮುಟ್ಟಿ ಹಾಕ್ತಾಳೆ."

ಆಂಟಿ ತಮ್ಮ ಯೂನಿಫಾರ್ಮಿನ ತೋಳನ್ನು ಒಂದಿಷ್ಟು ಮಡಚಿ ನನ್ನ ಮುಂದೆ ಹಿಡಿದರು. ಒಳಮಡಿಕೆಯಲ್ಲಿ ಅಕ್ಕಿ ಕಾಳಿನಷ್ಟು ಗುರುತು. ಎರಡು ಓರೆ ಹೊಲಿಗೆ, ನಡುವೆ ಗಂಟು. ಕೆಂಪು.

ದುಪಟ್ಟವನ್ನು ನನ್ನ ಹೆಗಲಿಗೆ ಅವರೇ ಹಾಕಿದರು. "ಶುಕ್ರವಾರ ಚರ್ಚಿಂದ ಬಂದ ಮೇಲೆ ಮನೆಗೆ ಬಾ. ಊಟಕ್ಕೆ. ಆ ಕಾಗದ ತರ್ಬೇಡ" ಎಂದು ಹೇಳಿ ಹಿಂದೆ ನೋಡದೆ ಹೋದರು.

ಬಾ ಎಂದರು. ಬನ್ನಿ ಎನ್ನಲಿಲ್ಲ. ಸೀಫಿನಿಂದ ಅರಾದಿನವರೆಗೆ ಅದನ್ನೇ ನೆನೆಯುತ್ತ ಬಂದೆ. ಉಪ್ಪಿನಕಾಯಿ ಬಾಟಲಿ ಮಾತ್ರ ನನ್ನ ಬ್ಯಾಗಿನಲ್ಲೇ ಉಳಿದಿತ್ತು.

ರಿಫಾ

ಇಲ್ಲಿ ಶುಕ್ರವಾರವೇ ಭಾನುವಾರ. ನಮ್ಮ ಕಡೆಯಿಂದ ಬಂದವರೆಲ್ಲ ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಚರ್ಚಿಗೆ ಹೋಗುತ್ತಾರೆ, ಭಾನುವಾರ ಎದ್ದು ಕೆಲಸಕ್ಕೆ ಓಡುತ್ತಾರೆ. ನನಗೆ ಇಡೀ ವಾರ ತಲೆಯಲ್ಲಿ ದಿನಗಳು ಉಲ್ಟಾಪಲ್ಟಾ. ರಿಫಾ ದೊಡ್ಡದು, ಮನೆಗಳಿಗೆ ಎತ್ತರದ ಗೋಡೆಗಳು, ರಸ್ತೆಯಲ್ಲಿ ನಡೆಯುವವರೇ ಇಲ್ಲ. ಉಡುಪಿಯಲ್ಲಿ ಮನೆ ಹುಡುಕುವುದೆಂದರೆ ನಾಲ್ಕು ಜನರನ್ನು ಕೇಳುವುದು. ಇಲ್ಲಿ ಕೇಳಲು ಸಿಕ್ಕಿದ್ದು ಗೋಡೆಯ ಮೇಲೆ ಕೂತ ಒಂದು ಬೆಕ್ಕು ಮಾತ್ರ. ಪ್ರಕಾಶಣ್ಣ ಮೂರು ಸುತ್ತು ಹಾಕಿ, "ಇಲ್ಲಿ ಎಲ್ಲರ ಮನೆಯ ಎಸಿ ಗೊತ್ತುಂಟು ನನಗೆ, ಮನೆ ಗೊತ್ತಿಲ್ಲ" ಎಂದು ಗೊಣಗುತ್ತ ಕೊನೆಗೆ ಸರಿಯಾದ ಬಾಗಿಲಿಗೆ ಬಿಟ್ಟು ಹೋದರು.

ಬಾಗಿಲು ತೆರೆದದ್ದು ಆಂಟಿಯ ಗಂಡ ಹೆನ್ರಿ ಅಂಕಲ್. ಕೈಯಲ್ಲಿ ಮೀನು ಮಗುಚುವ ಸಟ್ಟುಗ. "ಬಾ ಬಾ, ಅಂಜಲ್ ಕಾಯಿಸ್ತಾ ಇದ್ದೇನೆ. ಇಲ್ಲಿಯವರು ಚನಾದ್ ಅಂತಾರೆ. ಹೆಸರು ಎಂತದ್ದೇ ಆಗ್ಲಿ, ಮಸಾಲೆ ನಮ್ಮದೇ" ಎಂದರು. ನಾನು ಈ ಸಲ ಮೊದಲು ಬಾಟಲಿ ಕೊಟ್ಟೆ. ಅಜ್ಜಿ ಹೇಳಿದ ಹಾಗೆ ಕೊಟ್ಟು ಸುಮ್ಮನೆ ಕೂತೆ. ಅದು ನನ್ನ ಜೀವನದ ಅತಿ ಉದ್ದದ ಐದು ನಿಮಿಷ.

ಆಂಟಿ ಬಾಟಲಿ ತೆರೆದು ಮೂಸಿದರು. ಬೆರಳು ಅದ್ದಿ ನೆಕ್ಕಿದರು.

"ಹುಳಿ ಜಾಸ್ತಿ ಹಾಕಿದ್ದಾಳೆ. ಯಾವಾಗಲೂ ಹಾಗೆಯೇ" ಎಂದರು. ಕಣ್ಣು ತುಂಬಿತ್ತು. ಅಂಕಲ್ ಅಡುಗೆಮನೆಯಿಂದಲೇ, "ಅರ್ಧ ಬಾಟ್ಲಿಯೇ ಯಾಕೆ ಕಳಿಸಿದ್ದು? ಇನ್ನೂ ಅರ್ಧ ಸಿಟ್ಟುಂಟಾ ಅವರಿಗೆ?" ಎಂದು ಕೇಳಿದರು. ಸೂಟ್‌ಕೇಸಿನ ಕತೆ ಹೇಳಿದೆ. ಆಂಟಿ ನಕ್ಕರು. ನಕ್ಕ ಮೇಲೆ ನಾನು ಹೇಳಿದೆ, "ಆಂಟಿ, ನಾನು ಹಾಗೆ ಹಾಕ್ಬಾರದಿತ್ತು. ತಪ್ಪಾಯ್ತು." ಅಷ್ಟೇ. ಕಾಗದ ಇಲ್ಲದೆ ಹೇಳಿದ್ದರಿಂದ ಬೇಗ ಮುಗಿಯಿತು.

"ಊಟ ಮಾಡು ಮೊದಲು" ಎಂದರು.

ಊಟವಾದ ಮೇಲೆ ಕೈ ಎರಡೆರಡು ಸಲ ಸೋಪು ಹಾಕಿ ತೊಳೆಯಲು ಹೇಳಿದರು. ಆಮೇಲೆ ಕಪಾಟಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಒಳಗೆ ಮಲ್ಲು ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ. ಪುಸ್ತಕ ಎಂದರೆ ಬಟ್ಟೆಯದ್ದು! ಪುಟಗಳೇ ಬಟ್ಟೆ. ಒಂದೊಂದು ಪುಟದಲ್ಲಿ ಒಬ್ಬೊಬ್ಬ ಹುಡುಗಿಯ ಹೊಲಿಗೆಯ ಮಾದರಿ: ಅಂಚು ಮಡಚಿದ್ದು, ಕಾಜಾ ಮಾಡಿದ್ದು, ಹರಿದದ್ದಕ್ಕೆ ತೇಪೆ ಹಾಕಿದ್ದು. ಪ್ರತಿ ಪುಟಕ್ಕೂ ಒಂದು ಕಾಗದದ ತುಂಡು ಹೊಲಿದಿತ್ತು, ಅದರ ಮೇಲೆ ಕಂದಿದ ಶಾಯಿಯಲ್ಲಿ ಸಣ್ಣ ದುಂಡು ಅಕ್ಷರ.

"ತಬಿತಾ ಟೀಚರದ್ದು" ಎಂದರು ಆಂಟಿ.

ಈ ಪುಸ್ತಕ ಎಲ್ಲೋ ಇತ್ತಂತೆ ಎಂದು ಅಜ್ಜಿ ಹೇಳುತ್ತಿದ್ದಳು. ಅದು ನಲವತ್ತು ವರ್ಷದಿಂದ ಬಹ್ರೈನಿನಲ್ಲಿತ್ತು. ಆಂಟಿ ಕೆಲಸಕ್ಕೆಂದು ಮೊದಲ ಸಲ ಹೊರಟಾಗ ಅವರ ಅಮ್ಮ ಪೆಟ್ಟಿಗೆಯ ತಳದಲ್ಲಿ ಇಟ್ಟು ಕಳಿಸಿದ್ದರಂತೆ. ಒಂದೊಂದೇ ಪುಟ ತಿರುಗಿಸಿದೆ. ಪ್ರತಿ ಪುಟದ ಮೂಲೆಯಲ್ಲೂ ನೀಲಿ ನೂಲಿನಲ್ಲಿ ಹೊಲಿದ ಅಂಕಿ. ೩. ೧೨. ೨೪.

"ಶಾಲೆಯ ಬೋರ್ಡಿಂಗಿನ ಹುಡುಗಿಯರ ಬಟ್ಟೆ ದೋಬಿಗೆ ಹೋಗ್ತಿತ್ತು ನೋಡು, ಬದಲಾಗದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ನೀಲಿಯದ್ದು. ಟೀಚರ ಸ್ವಂತ ಬಟ್ಟೆಗೆ ಕೆಂಪು ಗುರುತು" ಎಂದು ಆಂಟಿ ಒಂದು ಪುಟ ತೆರೆದರು. "ಇದು ನನ್ನ ಅಜ್ಜಿ."

ಓದಿದೆ. "ಲಿಡಿಯ. ದೋಣಿಯವರು ತಂದು ಒಪ್ಪಿಸಿದ್ದು. ವಯಸ್ಸು ಮೂರು. ಮಾತಾಡಳು." ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಈಗ ಮಾತಾಡುವಳು. ನಿಲ್ಲಿಸುವುದೇ ಕಷ್ಟ."

ಮೂಲೆಯಲ್ಲಿ ನೀಲಿ ನಂಬರು ಇರಲಿಲ್ಲ. ಇತ್ತು, ಬಿಚ್ಚಿದ್ದರು. ಸೂಜಿಯ ತೂತುಗಳು ಇನ್ನೂ ಇದ್ದವು, ಬೆಳಕಿಗೆ ಹಿಡಿದರೆ ೧೯ ಎಂದು ಓದಬಹುದು. ಪಕ್ಕದಲ್ಲಿ ಕೆಂಪು ಗುರುತು.

"ಅಜ್ಜಿ ಇದನ್ನು ನೂರು ಸಲ ಹೇಳಿದ್ದಾಳೆ" ಎಂದರು ಆಂಟಿ. "ಒಂದು ದಿನ ದೋಬಿ ಗಂಟು ತಂದು ಬಿಚ್ಚಿದನಂತೆ. ಎಲ್ಲ ಹುಡುಗಿಯರದ್ದು ಬಂತು, ಇವಳ ಲಂಗ ಇಲ್ಲ. ಲಂಗ ಕಳೆದುಹೋಯ್ತು ಅಂತ ಇವಳು ಅತ್ತು ಅತ್ತು ಊರು ಒಟ್ಟು ಮಾಡಿದ್ದಾಳೆ. ಮತ್ತೆ ನೋಡಿದ್ರೆ ಟೀಚರ ಬಟ್ಟೆಯ ರಾಶಿಯಲ್ಲಿತ್ತಂತೆ. ಕೆಂಪು ಗುರುತು ಹಾಕಿ. ಟೀಚರ್ ಅವಳಿಗೆ ಬೇರೆ ಏನೂ ಹೇಳ್ಲೇ ಇಲ್ಲ. ಅಷ್ಟೇ. ಅವತ್ತಿಂದ ಅವಳು ಮಗಳು."

ಹೆನ್ರಿ ಅಂಕಲ್ ತೊಳೆಯುತ್ತಿದ್ದ ಸಟ್ಟುಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಈ ಕತೆಯನ್ನು ಅವರೂ ನೂರು ಸಲ ಕೇಳಿರಬೇಕು, ಆದರೂ ನಿಂತಿದ್ದರು.

ನಾನು ಪುಟ ತಿರುಗಿಸುತ್ತ ಹೋದೆ. ಬೆರಳು ಒಂದು ಹೆಸರಿನ ಮೇಲೆ ನಿಂತಿತು. "ಸುಸನ್ನ. ಘಟ್ಟದ ಮೇಲಿನಿಂದ ಗಾಡಿಯಲ್ಲಿ ಬಂದವಳು. ವಯಸ್ಸು ಐದೋ ಆರೋ. ತಾಯಿತಂದೆಗಳ ಹೆಸರು ಅರಿಯಳು. ಕತ್ತಲೆಗೆ ಹೆದರುವಳು."

ಮೂಲೆಯಲ್ಲಿ ತೂತುಗಳು. ೭. ಪಕ್ಕದಲ್ಲಿ ಕೆಂಪು.

ನಾನು ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಅಕ್ಷರ ಬಿಡಿಸಿ ಓದಿದೆ. ಗಟ್ಟಿ ಗೆರೆಯ ಸುಸನ್ನ. ನಮ್ಮ ರಕ್ತದ ಸುಸನ್ನ. ಅವಳ ಮದುವೆ ಮಾಡಿಸಿದ ಪಾದ್ರಿ ಟೀಚರ್ ಹೇಳಿದ್ದನ್ನು ಹಾಗೆಯೇ ಬರೆದಿದ್ದಾರೆ, ತಾಯಿ ಎಂದು. ಲಿಡಿಯಾಳ ಹೊತ್ತಿಗೆ ಪಾದ್ರಿ ಬದಲಾಗಿದ್ದರು, ಕೈಬರಹವೇ ಬೇರೆ ಇತ್ತು. ಫೋಟೋದಲ್ಲಿ ನನಗೆ ಅದು ಕಂಡಿತ್ತು. ಯೋಚಿಸಿರಲಿಲ್ಲ. ಗಂಡನ ಹೆಸರು ಸಿಗದೆ ಮೂರು ತಿಂಗಳು ಹುಡುಕಿದೆನಲ್ಲ, ಗಂಡ ಇದ್ದರೆ ತಾನೆ ಸಿಗುವುದು! ಟೀಚರ್ ಮದುವೆಯೇ ಆಗಿರಲಿಲ್ಲ.

"ಆಂಟಿ, ನಿಮಗೆ ಇದು ಗೊತ್ತಿತ್ತು."

"ಗೊತ್ತಿತ್ತು."

"ನಾನು ಗ್ರೂಪಿನಲ್ಲಿ ಹಾಕಿದ ದಿನ ಈ ಪುಟದ ಒಂದು ಫೋಟೋ ಹಾಕಿದ್ರೆ ಮುಗಿದಿತ್ತು. ನನ್ನ ಬಾಯಿ ಮುಚ್ತಿತ್ತು."

"ನಿನ್ನ ಬಾಯಿ ಮುಚ್ಚಲಿಕ್ಕೆ ಆಸೆ ಇತ್ತು, ಇಲ್ಲ ಅಂತ ಅಲ್ಲ" ಎಂದರು ಆಂಟಿ. "ಫೋಟೋ ತೆಗೆದೂ ಆಗಿತ್ತು. ಆದ್ರೆ ಸುಶೀಲಕ್ಕ ಎಂಬತ್ತೇಳು ವರ್ಷ ಟೀಚರ ರಕ್ತ, ಟೀಚರ ರಕ್ತ ಅಂತ ಹೇಳಿಕೊಂಡು ಬದುಕಿದವಳು. ಅವಳ ಕೈಯಿಂದ ಅದನ್ನು ನಾನು ಕಿತ್ತುಕೊಳ್ಳೋದಾ? ಗ್ರೂಪಿನಲ್ಲಿ ಇದ್ರೆ ಯಾವತ್ತಾದ್ರೂ ಸ್ವಲ್ಪ ಸಿಟ್ಟಲ್ಲಿ ಹೇಳಿಬಿಡ್ತೇನೆ ಅಂತ ಹೆದರಿಕೆ ಆಯ್ತು. ಹಾಗೆ ಹೊರಗೆ ಬಂದೆ."

ನಾನು ಅತ್ತೆ. ಚೆನ್ನಾಗಿಯೇ ಅತ್ತೆ. ಆಂಟಿ ಮೊದಲು ಪುಸ್ತಕವನ್ನು ನನ್ನ ಕಣ್ಣೀರಿನಿಂದ ದೂರ ಸರಿಸಿದರು, ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡರು.

"ಅಜ್ಜಿಗೆ ಹೇಳ್ಬೇಡ" ಎಂದರು. ನಾನು ತಲೆಯಾಡಿಸಿದೆ.

ಆ ಹೊತ್ತಿಗೆ ಸರಿಯಾಗಿ ಅಜ್ಜಿಯ ಫೋನು ಬಂತು. ಊರಲ್ಲಿ ಅಮ್ಮ ಡಯಲ್ ಮಾಡಿ ಕೊಟ್ಟಿದ್ದಳು. ಸ್ಪೀಕರಿನಲ್ಲಿ ಇಟ್ಟೆ.

"ಬಾಟ್ಲಿ ಕೊಟ್ಟಿಯಾ?"

"ಕೊಟ್ಟೆ ಅಜ್ಜಿ. ಆಂಟಿ ಇಲ್ಲೇ ಇದ್ದಾರೆ."

"ಸುಶೀಲಕ್ಕ, ಹುಳಿ ಜಾಸ್ತಿ ಆಗಿದೆ" ಎಂದರು ಆಂಟಿ.

"ಆಗ್ಲಿ. ನಿನ್ನ ನಾಲಿಗೆಗೆ ಅಲ್ಲಿಯ ಖರ್ಜೂರ ತಿಂದು ತಿಂದು ಹಾಗೆ ಆಗಿದೆ." ಎರಡೂ ಕಡೆ ನಗು. ಆಮೇಲೆ ಅಜ್ಜಿ ಕೇಳಿದಳು, "ಗ್ರೇಸಿ, ಟೀಚರ ಬಟ್ಟೆ ಪುಸ್ತಕ ಅಂತ ಅಮ್ಮ ಹೇಳ್ತಿದ್ದಳು. ನಿಮ್ಮ ಕಡೆ ಉಂಟಾ?"

ಆಂಟಿ ನನ್ನನ್ನು ನೋಡಿದರು. ಸುಳ್ಳು ಹೇಳಬಹುದಿತ್ತು. ಆಂಟಿಗೆ ಬರುವುದಿಲ್ಲ. "ಉಂಟು ಅಕ್ಕ. ಮುಂದೆಯೇ ಉಂಟು."

"ನನ್ನ ಅಜ್ಜಿಯ ಪುಟ ಉಂಟಾ ಅದರಲ್ಲಿ? ಹೇಗುಂಟು ಹೇಳು. ನನಗೆ ನೋಡ್ಲಿಕ್ಕೆ ಆಗೋದಿಲ್ಲ ಇನ್ನು."

ಕಾಗದದ ತುಂಡನ್ನು ಆಂಟಿ ಕೈಯಲ್ಲಿ ಮುಚ್ಚಿಕೊಂಡರು, ಅಜ್ಜಿಗೆ ಅಲ್ಲಿಂದ ಕಾಣುತ್ತದೆ ಎನ್ನುವ ಹಾಗೆ. ಹೊಲಿಗೆಯನ್ನು ಮಾತ್ರ ಹೇಳತೊಡಗಿದರು. "ಅಂಚು ಬಹಳ ಸಣ್ಣ ಮಡಚಿದ್ದಾಳೆ ಅಕ್ಕ. ಕಾಜಾ ಸ್ವಲ್ಪ ಓರೆ. ತೇಪೆ ಹಾಕಿದ್ದು ಗೊತ್ತೇ ಆಗೋದಿಲ್ಲ, ಅಷ್ಟು ಚಂದ. ಮೂಲೆಯಲ್ಲಿ ನಮ್ಮ ಕೆಂಪು ಗುರುತು..."

"ಪಕ್ಕದಲ್ಲಿ ಎಂತ ಉಂಟು?"

"ಎಂತ ಇಲ್ಲ."

"ಶೈನಿ, ನೀನು ಹೇಳು." ಶೈನಿ ಎಂದರೆ ನಾನು. ಟೀಚರಾಗಿದ್ದವಳ ದನಿ. ಹಿಂದಿನ ಬೆಂಚಿನವರೂ ನೆಟ್ಟಗೆ ಕೂರಬೇಕು ಅಂಥದ್ದು. "ಗ್ರೇಸಿ ಇಷ್ಟು ನಿಧಾನ ಮಾತಾಡೋದಿಲ್ಲ."

ನಾನು ಆಂಟಿಯನ್ನು ನೋಡಿದೆ. ಈ ಸಲ ಕೇಳದೆ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೆ. ಆಂಟಿ ಕಾಗದದ ಮೇಲಿನ ಕೈ ತೆಗೆದರು.

"ಏಳು ಅಂತ ನಂಬರು ಅಜ್ಜಿ. ಬಿಚ್ಚಿದ್ದಾರೆ. ತೂತು ಮಾತ್ರ ಉಂಟು."

"ನಂಬರು ಬೋರ್ಡಿಂಗಿನವರಿಗೆ ಅಲ್ವಾ? ಮನೆಯ ಮಗಳಿಗೆ ಯಾಕೆ?"

ಅಡುಗೆಮನೆಯಲ್ಲಿ ಫ್ರಿಜ್ಜು ಗುಯ್ ಎನ್ನುತ್ತಿತ್ತು. ಫೋನಿನ ಆ ಕಡೆ ಅಜ್ಜಿಯ ಉಸಿರು ಕೇಳುತ್ತಿತ್ತು.

"ಓದು" ಎಂದಳು. ಓದಿದೆ. ಗಾಡಿ, ಐದೋ ಆರೋ, ಕತ್ತಲೆಗೆ ಹೆದರುವಳು.

"ಕತ್ತಲೆಗೆ ಹೆದರ್ತಿದ್ದಳು" ಎಂದಳು ಅಜ್ಜಿ. "ಮುದುಕಿಯಾದ ಮೇಲೂ. ದೀಪ ಆರಿಸ್ಲಿಕ್ಕೆ ಬಿಡ್ತಿರಲಿಲ್ಲ. ನಾನು ಅವಳ ಹತ್ತಿರವೇ ಮಲಗೋದಿತ್ತು. ಯಾಕೆ ಅಂತ ನಾವ್ಯಾರೂ ಕೇಳಲೇ ಇಲ್ಲ ಮಗಾ." ಮತ್ತೆ, "ಗ್ರೇಸಿ, ನಿನಗೆ ಮೊದಲೇ ಗೊತ್ತುಂಟು."

"ಹೂಂ ಅಕ್ಕ."

"ಎಷ್ಟು ವರ್ಷದಿಂದ?"

"ಬಹ್ರೈನಿಗೆ ಬಂದ ಮೇಲೆ ಓದಿದ್ದು."

"ನಲವತ್ತು ವರ್ಷ ನಾನು ನಿನ್ನೆದುರು ರಕ್ತ ರಕ್ತ ಅಂತ ಕೊಚ್ಚಿಕೊಂಡೆ. ನೀನು ಹೂಂ ಹೂಂ ಅಂತ ಕೇಳಿದೆ."

"ಹೇಳುವಾಗ ನಿಮ್ಮ ಮುಖ ಚಂದ ಇರ್ತಿತ್ತು ಅಕ್ಕ."

ಅಜ್ಜಿಯ ನಗು ಬಂತು, ಒದ್ದೆ ನಗು. "ಶೈನಿ, ಆ ಚಾರ್ಟು ಎಲ್ಲಿ?"

"ಅರಾದಿನಲ್ಲಿ ಇಟ್ಟು ಬಂದೆ. ಚುಕ್ಕಿ ಗೆರೆ ತೆಗೆದಿದ್ದೇನೆ ಅಜ್ಜಿ. ಇಬ್ಬರಿಗೂ ಗಟ್ಟಿ ಗೆರೆಯೇ."

"ಯಾಕೆ ತೆಗೆದೆ? ಚುಕ್ಕಿಯೇ ಹಾಕು. ನನ್ನ ಅಜ್ಜಿಗೂ ಚುಕ್ಕಿ ಹಾಕು. ಕೆಂಪು ಪೆನ್ನಲ್ಲಿ."

ಮತ್ತೆ ಏರ್‌ಪೋರ್ಟ್

ಹೊರಡುವ ಹಿಂದಿನ ದಿನ ಆಂಟಿ ಅರಾದಿಗೇ ಬಂದರು. ಚಾರ್ಟನ್ನು ಶಾಂತಿ ಅಕ್ಕನ ಊಟದ ಮೇಜಿನ ಮೇಲೆ ಹರಡಿ, ಗಂಡನ ಜಾಗದ ಪ್ರಶ್ನೆಯ ಗುರುತನ್ನು ನಾನೇ ಹೊಡೆದು ಹಾಕಿದೆ. ತಬಿತಾ ಟೀಚರ ಹೆಸರಿನಿಂದ ಎರಡು ಕೆಂಪು ಚುಕ್ಕಿ ಗೆರೆ ಎಳೆದೆ, ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ ಓರೆ. ಎಳೆದು ಮುಗಿಸಿ ದೂರದಿಂದ ನೋಡಿದಾಗ ಪ್ರಕಾಶಣ್ಣ, "ಹೊಲಿದ ಹಾಗೆ ಉಂಟಲ್ಲ" ಎಂದರು. ಆಂಟಿ ನನ್ನ ಗಲ್ಲ ಹಿಂಡಿದರು. ಜೋರಾಗಿ. ಹನ್ನೆರಡು ವರ್ಷದ ಬಾಕಿ ಒಟ್ಟಿಗೆ.

ಬಟ್ಟೆ ಪುಸ್ತಕ ಅವರ ಹತ್ತಿರವೇ ಉಳಿಯಿತು. ಡಿಸೆಂಬರಿನಲ್ಲಿ ತರುತ್ತಾರೆ, ಅಜ್ಜಿ ಬೆರಳಿನಲ್ಲಿ ಮುಟ್ಟಿ ನೋಡಬೇಕಂತೆ. ನನ್ನ ಸೂಟ್‌ಕೇಸ್ ಈಗಲೂ ಸಿಗಡಿಯ ವಾಸನೆ ಹೊಡೆಯುತ್ತದೆ. ಚೆಕ್‌ಇನ್ ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟನ್ನು ಬಹಳ ಬೇಗ ವಾಪಸು ಕೊಟ್ಟಳು.

ಗೇಟಿನ ಹತ್ತಿರ ಕೂತಾಗ ಬೆಳಗಾಗಿತ್ತು. ಫೋನು ಟಿಂಗ್ ಎಂದಿತು. ಕುಟುಂಬದ ಗ್ರೂಪು. ಗ್ರೇಸಿ ಆಂಟಿ ಮತ್ತೆ ಸೇರಿದ್ದರು, ಸೇರಿದ ಕೂಡಲೇ ಒಂದು ದೊಡ್ಡ ಹೂವಿನ ಚಿತ್ರ, ಗುಡ್ ಮಾರ್ನಿಂಗ್.

ಎರಡು ನಿಮಿಷದಲ್ಲಿ ಅಜ್ಜಿಯ ವಾಯ್ಸ್ ಮೆಸೇಜ್. ಕಿವಿಗೆ ಹಿಡಿದೆ.

"ಗ್ರೇಸಿ, ಹೂವು ಬಂತು. ನನಗೆ ಈಗ ಬಣ್ಣವೂ ಸರಿ ತಿಳಿಯೋದಿಲ್ಲ ಮಾರಾಯ್ತಿ. ಯಾವ ಬಣ್ಣ?"

ಗ್ರೂಪಿನಲ್ಲಿ ಇಪ್ಪತ್ತಾರು ಜನ ಇದ್ದೇವೆ. ಯಾರು ಬೇಕಾದರೂ ಹೇಳಬಹುದಿತ್ತು. ನಾನೂ ಟೈಪ್ ಮಾಡಲು ಹೋದೆ, ಬೆರಳು ತಡೆದುಕೊಂಡೆ. ನಮ್ಮ ವಿಮಾನಕ್ಕೆ ಕರೆಯುವವರೆಗೂ ಕಾದೆ.

ಕೊನೆಗೆ ಆಂಟಿಯ ವಾಯ್ಸ್ ಮೆಸೇಜ್ ಬಂತು.

"ಕೆಂಪು, ಅಕ್ಕ."